ಮೂರನೆಯ ಕಿವಿಗೆ ಬಿದ್ದ ಮಂತ್ರ

ನಮ್ಮ ಮನಿಯ ಪಡಸಾಲೆಯ ಗೋಡೆಯಲ್ಲಿ ಒಂದು ಮಾಡ ಐತಿ. ಅದರಲ್ಲಿ ಚೇಳು ಕಡಿದಲ್ಲಿ ಮಂತ್ರಿಸಿ ಹಚ್ಚುವ ಬೂದಿ ತುಂಬಿದ ತಗಡಿನ ಡಬ್ಬಿ, ಅದರ ಪಕ್ಕಕ್ಕೆ ಹಳೆ ಪೇಪರಿನ ರಟ್ಟು ಹಾಕಿದ ಒಂದು ಪುಸ್ತಕ. ಡಬ್ಬಿ ನನ್ನದು, ಪುಸ್ತಕ ನನ್ನ ಮೊಮ್ಮಗಳು ಶಾಂತಾಳದು, ನಾಲ್ಕನೇ ಇಯತ್ತೆಯಲ್ಲಿ ಮೊದಲು ಬಂದಳೆಂದು ಸಾಲಿಯಲ್ಲಿ ಕೊಟ್ಟ ಬಹುಮಾನ. ಎರಡನೇ ಇಯತ್ತೆಗೇ ಸಾಲಿ ಬಿಟ್ಟ ನಾನು ಇದನ್ನು ಬರೆಯಲು ಕೂತದ್ದು ಯಾಕೆಂದರೆ, ನೋಡ್ರಿ, ಎದೆಯೊಳಗಿನ ಸಂತೋಷ ಬಾಯಿಂದ ಹೇಳಿ ಮುಗಿಯಲಿಲ್ಲ.

ನನ್ನ ಹರೆಯದಲ್ಲಿ ಸೋದರಮಾವ ಗ್ರಹಣದ ಹೊತ್ತಿಗೆ ನನ್ನನ್ನು ದೇವಣಗಾಂವದ ಭೀಮಾ ಹೊಳೆಯಲ್ಲಿ ಎದೆಮಟ್ಟ ನೀರಿಗೆ ನಿಲ್ಲಿಸಿ, ಚೇಳಿನ ಮಂತ್ರವನ್ನು ಕಿವಿಯಲ್ಲಿ ಉಸುರಿದ್ದ. ಹೇಳುವವನು, ಕಲಿಯುವವನನ್ನು ಬಿಟ್ಟು ಮೂರನೆಯ ಕಿವಿಗೆ ಬಿದ್ದರೆ ಬಲ ಹೋಗುತ್ತದೆ, ಪರರ ಮನಿ ಸೇರುವ ಹೆಣ್ಣಿಗೆ ಕೊಡಬೇಡ ಎಂದೂ ಹೇಳಿದ್ದ. ಕಲಿಯಿರೆಂದರೆ ನನ್ನ ಗಂಡುಮಕ್ಕಳು ನಕ್ಕರು. ನನ್ನ ಜೊತೆಗೇ ಇದೂ ಮಣ್ಣಾಗುತ್ತದಲ್ಲ ಎಂಬ ಸಂಕಟ ಒಂದು ಕಡೆ. ಅದಕ್ಕಿಂತ ಆಳದಲ್ಲಿ, ಯಾರಿಗೂ ಹೇಳದ ಶಂಕೆ ಇನ್ನೊಂದು: ನೋವು ಇಳಿಸುವುದು ಆ ಅಕ್ಷರಗಳೋ, ಇಳಿಯುವ ತನಕ ಕೈ ಹಿಡಿದು ಕೂರುವ ಈ ಅಂಗೈಯೋ?

ಶಾಂತಾ ದಿನಾ ಸಂಜೆ ಆ ಪುಸ್ತಕ ಓದಿ ಹೇಳುತ್ತಿದ್ದಳು. ಗುರುವಿನ ಮನೆಯಲ್ಲಿ ಕಸ ಹೊಡೆದು, ನೀರು ಹೊತ್ತು ಮಾಯಾವಿದ್ಯೆ ಕಲಿಯುವ ಹುಡುಗನ ಕಾದಂಬರಿ ಅದು. ದೀಪ ಹೊತ್ತಿಸುವ ಮಂತ್ರ ಬಾಯಿಪಾಠವಾದರೂ ಅವನ ದೀಪ ಹತ್ತುವುದಿಲ್ಲ. ಮಂತ್ರದ ಸಾಲು ಬಂದಾಗಲೆಲ್ಲ ನಾನು ಎರಡೂ ಕಿವಿ ಮುಚ್ಚಿಕೊಳ್ಳುತ್ತಿದ್ದೆ. ಇನ್ನೊಬ್ಬ ಗುರುವಿನ ಮಂತ್ರ ಕದ್ದು ಕೇಳಬಾರದಲ್ಲ!

"ಕಿವಿ ಬಿಡೋ ಮುತ್ಯಾ! ಛಾಪಾ ಆಗೇತಿ, ಎಲ್ಲಾ ಮಂದಿ ಓದ್ಯಾರ."

"ಅದಕ್ಕ ನೋಡು, ಆ ಹುಡುಗನ ದೀಪ ಹತ್ತವಲ್ದು."

"ಹಂಗಾರ ನಿನ್ನ ಮಂತ್ರ ನನಗ ಕೊಡು."

"ಮುಂದ ಓದು," ಎನ್ನುತ್ತಿದ್ದೆ ನಾನು.

ನಾನು ಸಿಂದಗಿ ಸಂತಿಗೆ ಹೋದ ಒಂದು ದಿನ, ಸಗಣಿ ಕುಳ್ಳಿನ ಒಟ್ಟಿಲ ಹತ್ತಿರ ಆಡುತ್ತಿದ್ದ ನೆರೆಮನಿ ಹಸೀನಾಳ ಐದು ವರ್ಷದ ಮಗ ರಜಾಕನಿಗೆ ಚೇಳು ಕಡಿಯಿತು. ಅವನ ಅಪ್ಪ ಜೀಪು ತರಲು ಓಡಿದ. ಹಸೀನಾ ಕೂಸನ್ನು ಎತ್ತಿಕೊಂಡು ನಮ್ಮ ಮನಿಗೆ ಓಡಿಬಂದಳು. ನಾನು ಬಸ್ ಇಳಿದು ಬಂದು ನೋಡಿದರೆ, ಶಾಂತಾ ಒಂದು ಕೈಯಲ್ಲಿ ಅವನ ಕೈ ಹಿಡಿದು, ತೊಡೆಯ ಮೇಲಿನ ಪುಸ್ತಕ ಓದುತ್ತಿದ್ದಾಳೆ. ಬಿಕ್ಕುವ ನಡುನಡುವೆ ಅವನು "ಮುಂದ?" ಎನ್ನುತ್ತಿದ್ದಾನೆ. ಅಷ್ಟರಲ್ಲಿ ಜೀಪು ಬಂತು. ಹಿಡಿದ ಕೈ ಬಿಡದೆ ಶಾಂತಾಳೂ ಹತ್ತಿದಳು. ದವಾಖಾನೆಯಲ್ಲಿ ಸೂಜಿ ಮಾಡಿಸಿಕೊಂಡು, ಸಂಜೆ ರಜಾಕ ಅಪ್ಪನ ಹೆಗಲೇರಿ ಊರಿಗೆ ಬಂದ.

"ಮುತ್ಯಾ, ಮಂತ್ರ ಈಕಿಗೆ ಕೊಟ್ಟೀರೇನ್ರಿ?" ಹಸೀನಾ ಕೇಳಿದಳು. "ಕೈ ಹಿಡದ ಮ್ಯಾಲ ನನ್ನ ಕೂಸು ಒದರೂದು ಬಿಡ್ತು."

ಮಾವನ ಮಾತು ನೆನಪಾಯಿತು. ಆದರೂ "ಹೌದವ್ವಾ, ಕೊಟ್ಟೇನಿ," ಎಂದೆ.

ಆಡಿದ್ದು ಸುಳ್ಳಾಗಬಾರದೆಂದು ಮರುದಿನ ಮುಂಜಾನೆ, ಗ್ರಹಣಕ್ಕೂ ಕಾಯದೆ, ಆಕೆಯನ್ನು ಹೊಳೆಗೆ ಕರೆದೊಯ್ದು ಕಿವಿಯಲ್ಲಿ ಹೇಳಿಬಿಟ್ಟೆ.

"ಇಷ್ಟೇನಾ ಮುತ್ಯಾ?"

"ಇಷ್ಟ ಅವ್ವಾ. ಉಳದದ್ದು ನೀ ನಿನ್ನೆ ದಿನಾನ ಕಲತೀದಿ."

ಈಗ ಯಾರಿಗಾದರೂ ಕಡಿದರೆ ಮೊದಲು ಜೀಪಿಗೆ ಹೇಳಿ ಕಳಿಸುತ್ತೇವೆ. ಆಮೇಲೆ ಆ ಮಾಡದಿಂದ ನಾನು ಡಬ್ಬಿ ತೆಗೆಯುತ್ತೇನೆ, ಆಕೆ ಪುಸ್ತಕ. ಓದುತ್ತ ಓದುತ್ತ ಮಂತ್ರದ ಸಾಲು ಬಂದರೂ ನನ್ನ ಕೈಗಳು ಕಿವಿಗೆ ಹೋಗುವುದಿಲ್ಲ. ಅವು ಇನ್ನೊಬ್ಬರ ಕೈ ಹಿಡಿದಿರುತ್ತವೆ.