ಅಜ್ಜನ ಎಡೆಗೆ ಬಂದ ಕಾಗೆ

ಸತ್ತವರಿಗೆಂದು ಇಟ್ಟ ಎಡೆಯನ್ನು ಕಾಗೆ ಮುಟ್ಟದಿದ್ದರೆ ಅವರ ಮನಸ್ಸಿನಲ್ಲಿ ಏನೋ ಉಳಿದಿದೆ ಎನ್ನುತ್ತಾರೆ. ನಾನು ಇದನ್ನು ನಂಬಿದವಳಲ್ಲ. ಹಸಿದ ಕಾಗೆ ಬರುತ್ತದೆ, ಹೊಟ್ಟೆ ತುಂಬಿದ್ದು ಬರುವುದಿಲ್ಲ, ಅಷ್ಟೇ ಎಂದು ಮನೆಯವರೊಡನೆ ವಾದಿಸುತ್ತಿದ್ದೆ. ಕೆಲವು ವರ್ಷಗಳ ಹಿಂದೆ, ಅಜ್ಜ ತೀರಿಕೊಂಡ ಹತ್ತನೇ ದಿನ ನಡೆದದ್ದನ್ನು ನಡೆದ ಹಾಗೆಯೇ ಬರೆಯುತ್ತೇನೆ. ನೀವು ಏನಾದರೂ ಅಂದುಕೊಳ್ಳಿ.

ನಮ್ಮ ಮನೆ ಧಾರವಾಡದ ಮಾಳಮಡ್ಡಿಯಲ್ಲಿ. ಅಜ್ಜ ಮೊದಲು ಟಾಂಗಾ ಹೊಡೆಯುತ್ತಿದ್ದ, ಆಮೇಲೆ ಮದುವೆ ಮೆರವಣಿಗೆಗೆ ಕುದುರೆ ಕೊಡುತ್ತಿದ್ದ. ಕೊನೆಗೆ ಉಳಿದದ್ದು ಮೋತಿ ಎಂಬ ಬಿಳಿ ಕುದುರೆ ಒಂದೇ. ಅಜ್ಜ ಹೋದ ಮರುದಿನದಿಂದ ಮೋತಿ ಮೇವು ಬಿಟ್ಟಿತು. ಅಪ್ಪನ ತಮ್ಮ, ನನ್ನ ಕಾಕಾ, ಹಿತ್ತಲಿನ ಲಾಯದಲ್ಲಿ ಅದರ ಪಕ್ಕವೇ ಚಾಪೆ ಹಾಸಿ ಮಲಗತೊಡಗಿದ. ಅಜ್ಜನ ಹಳೆಯ ಕೋಟು ತೊಟ್ಟು, ಅಜ್ಜನಂತೆಯೇ 'ಚ್ ಚ್' ಎಂದು ಕರೆದು, ಒಂದೊಂದೇ ಹಿಡಿ ಹುಲ್ಲು ತಿನ್ನಿಸುತ್ತಿದ್ದ. ಅಲ್ಲಿ ಸೊಳ್ಳೆ ಬಹಳ ಎಂದರೆ, "ಮೋತಿಗೆ ಕಡಿಯೂದಿಲ್ಲೇನು? ಅದಕ್ಕೇನ್ ಪರದೆ ಕಟ್ಟೀಯೇನ್?" ಎಂದು ನನ್ನನ್ನೇ ಕೇಳಿದ.

ಎಂಟನೇ ದಿನ ಮೋತಿಯ ಹಿಂಗಾಲು ತಡವರಿಸಿತು. ಅದೇ ಸಂಜೆ ಕಾಕಾನಿಗೆ ಜ್ವರ. "ಇಬ್ರೂ ಅಪ್ಪನ್ನ ಭಾಳ ಹಚ್ಚಿಕೊಂಡಿದ್ರು" ಎಂದು ಉಪ್ಪಿನಬೆಟಗೇರಿಯಿಂದ ಬಂದಿದ್ದ ಅತ್ತೆ ಕಣ್ಣೊರೆಸಿಕೊಂಡಳು. ಕುತ್ತಿಗೆ ಬಗ್ಗಿಸಲು ಆಗುವುದಿಲ್ಲ ಎಂದು ಕಾಕಾ ಹೇಳಿದಾಗ, ನೆಲದ ಮೇಲೆ ಮಲಗಿದ್ದಕ್ಕೆ ಎಂದೆವು. ಜ್ವರದ ಗುಳಿಗೆ ಕೊಟ್ಟು, ಎರಡು ದಿನದಲ್ಲಿ ಇಳಿಯುತ್ತದೆ ಎಂದವಳು ನಾನೇ. ಅವನು ಮೋತಿಯನ್ನು ಬಿಟ್ಟು ಒಳಗೆ ಬರಲು ಒಪ್ಪಲಿಲ್ಲ.

ಹತ್ತನೇ ದಿನ ಬೆಳಿಗ್ಗೆ ಹಿತ್ತಲಿನ ಕಲ್ಲಿನ ಮೇಲೆ ಎಡೆ ಇಟ್ಟೆವು: ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಒಂದು ಕಪ್ ಚಹಾ. ಬೇವಿನ ಮರದಲ್ಲಿ ಒಂದು ಕಾಗೆಯೂ ಇಲ್ಲ. ಮಧ್ಯಾಹ್ನವಾದರೂ ಯಾರೂ ಉಂಡಿರಲಿಲ್ಲ. ಅಪ್ಪ ಕೈಮುಗಿದು, "ಮೋತೀನ್ನ ಮಾರೂದಿಲ್ಲಪ್ಪಾ, ಬಾ" ಎಂದ. ಬರಲಿಲ್ಲ. "ಬೀಡಿ ಇಟ್ಟಿಲ್ಲ, ಅದಕ್ಕ ಸಿಟ್ಟಾಗ್ಯಾನ" ಎಂದು ಅತ್ತೆ ಬೀಡಿಯನ್ನೂ ಇಟ್ಟಳು. ಬರಲಿಲ್ಲ. ಕೊನೆಗೆ ನನ್ನನ್ನು ಮುಂದೆ ನೂಕಿದಳು. "ಅಜ್ಜನ ಮುದ್ದಿನ ಮೊಮ್ಮಗಳು ನೀ. ಒಂದ್ ಮಾತು ಬೇಡ್ಕೊ. ನಿನ್ನ ಎಮ್ಮೆಸ್ಸಿ ಏನ್ ಹಾರಿಹೋಗೂದಿಲ್ಲ."

ಎಲ್ಲರೂ ಬೇಗ ಉಣ್ಣಲಿ ಎಂದಷ್ಟೇ ನಾನು ನಿಂತೆ. 'ನಾವೆಲ್ಲ ಆರಾಮ ಇರ್ತೇವಿ' ಎನ್ನಬೇಕೆಂದಿದ್ದೆ. ಬಾಯಿಂದ ಬಂದದ್ದು ಬೇರೆ: "ಅಜ್ಜಾ, ಕಾಕಾನ್ನ ಈಗಿಂದೀಗ ದವಾಖಾನಿಗೆ ಕರ್ಕೊಂಡು ಹೋಗ್ತೇನಿ."

ಮಾತು ಮುಗಿಯುವುದರೊಳಗೆ ಲಾಯದ ಹಂಚಿನ ಮೇಲಿಂದ ಒಂದು ಕಾಗೆ ಇಳಿಯಿತು. ರೊಟ್ಟಿಗೆ ಕೊಕ್ಕು ತಾಗಿಸಿತು. ತಿನ್ನಲಿಲ್ಲ. ಹಾರಿಹೋಯಿತು.

"ಮಾತು ಕೊಟ್ಟೀಯಲ್ಲ, ನಡಿ ಮತ್ತ" ಎಂದ ಅಪ್ಪ. ಉಣ್ಣದೆಯೇ ಲಾಯಕ್ಕೆ ಹೋದೆವು. ಕಾಕಾ ನನ್ನನ್ನು ಗುರುತಿಸಲಿಲ್ಲ. 'ಚ್ ಚ್' ಎಂದು ಕರೆದು, ನನ್ನ ಕೆನ್ನೆಯನ್ನು ಮೋತಿಯ ಮುಖದಂತೆ ಸವರಿದ.

ಹುಬ್ಬಳ್ಳಿಯ ದವಾಖಾನೆಯ ಬಾಗಿಲಲ್ಲೇ ಅವನಿಗೆ ಫಿಟ್ಸ್ ಬಂತು. ಲಾಯದಲ್ಲಿ ಒಬ್ಬನೇ ಇದ್ದಾಗ ಬಂದಿದ್ದರೆ? ಈ ಪ್ರಶ್ನೆ ಇಂದಿಗೂ ನನ್ನನ್ನು ಅಡುಗೆಮನೆಯಲ್ಲಿ, ಬಸ್ಸಿನಲ್ಲಿ, ಎಲ್ಲೆಂದರಲ್ಲಿ ಹಿಡಿದು ನಿಲ್ಲಿಸುತ್ತದೆ.

ಮೆದುಳಿಗೆ ಬಾವು ಬಂದಿತ್ತು. ಕೆಲವು ದಿನಗಳ ನಂತರ ಡಾಕ್ಟರು ವೆಸ್ಟ್ ನೈಲ್ ಎಂಬ ಹೆಸರು ಹೇಳಿದರು. ಹಕ್ಕಿಗಳಲ್ಲಿರುವ ವೈರಸ್ಸು, ಸೊಳ್ಳೆ ಅದನ್ನು ಕುದುರೆಗೂ ಮನುಷ್ಯರಿಗೂ ತರುತ್ತದೆ. ಮೋತಿಯಿಂದ ಬಂದದ್ದಲ್ಲ, ಇಬ್ಬರಿಗೂ ಸೊಳ್ಳೆಯಿಂದಲೇ ಬಂದಿರಬೇಕು ಎಂದರು. "ನಿಮ್ಮ ಕಡೆ ಕಾಗಿ ಸತ್ತಿದ್ದುವೇನ್ರಿ?" ಎಂದು ಕೇಳಿದಾಗ ನೆನಪಾಯಿತು. ಎಡೆ ಇಡುವ ಮೊದಲೇ ಬೇವಿನ ಬುಡದಲ್ಲಿ ಎರಡು ಸತ್ತು ಬಿದ್ದಿದ್ದವು. ಸಲಿಕೆಯಿಂದ ಎತ್ತಿ ಹೂತವಳು ನಾನೇ.

ಮೂರು ವಾರಕ್ಕೆ ಕಾಕಾ ಮನೆಗೆ ಬಂದ. ಎಡಗೈ ಈಗಲೂ ನಡುಗುತ್ತದೆ. ಅದೇ ಕೈಯಿಂದ ಮೋತಿಯ ಮೈ ತಿಕ್ಕುತ್ತಾನೆ. ಮೋತಿಯೂ ಚೇತರಿಸಿಕೊಂಡಿತು. ನಾನು ಲಾಯಕ್ಕೆ ಸೊಳ್ಳೆ ಪರದೆ ಕಟ್ಟಿದಾಗ, "ಮೋತಿ ಮದುವಿಗೆ ಹಂದರ ಹಾಕೀಯೇನವಾ?" ಎಂದು ಕಾಕಾ ನಕ್ಕ.

ಅಂದು ಕಾಗೆಗಳು ಯಾಕೆ ಬರಲಿಲ್ಲ ಎಂದು ನಾನು ಯಾರಿಗೆ ಬೇಕಾದರೂ ತಿಳಿಸಿ ಹೇಳಬಲ್ಲೆ. ಆ ಒಂದು ಯಾಕೆ ಬಂತು ಎಂಬುದು ಬೇರೆ ಮಾತು. ಈಗ ವರ್ಷ ವರ್ಷ ಅಜ್ಜನ ಎಡೆಗೆ ಚಹಾ ಇಡುವವಳು ನಾನೇ. ಕಾಗೆ ಬರುವವರೆಗೂ ಅಲ್ಲಿಂದ ಕದಲುವುದಿಲ್ಲ.