ನಾನು ಕಿತ್ತ ಗೂಟಗಳು

ಮಾದೇವಣ್ಣ, ನಿನ್ನ ಕಾಲು ಮುರಿದದ್ದು ನನ್ನಿಂದ. ನಿನ್ನ ಭಾವನಿಂದಲ್ಲ. ಅವರು ಏಣಿಯ ಬುಡಕ್ಕೆ ಹೊಡೆದಿದ್ದ ಗೂಟಗಳನ್ನು ಕಿತ್ತವಳು ನಾನು, ನಿನ್ನ ಒಡಹುಟ್ಟಿದ ತಂಗಿ. ಕಿತ್ತೆ, ಮುಚ್ಚಿಟ್ಟೆ, ಆಮೇಲೆ — ಅದನ್ನೂ ಹೇಳುತ್ತೇನೆ, ಸ್ವಲ್ಪ ತಾಳು. ನಿನ್ನೆದುರು ನಿಂತರೆ ಅಳು ಬಂದು ಅರ್ಧಕ್ಕೇ ನಿಂತುಹೋದೀತೆಂದು ಮೊದಲು ಇಲ್ಲಿ, ಮನಸ್ಸಿನಲ್ಲೇ ನಿನ್ನನ್ನು ಕೂರಿಸಿಕೊಂಡು ಹೇಳುತ್ತಿದ್ದೇನೆ.

ಐವತ್ತರ ದಶಕದ ಮಾತು. ನಾನು ತೆರಕಣಾಂಬಿಯ ನಮ್ಮ ಮನೆಯಿಂದ ಮದುವೆಯಾಗಿ ಬೇಗೂರು ಸೇರಿದ ಹೊಸತು. ಎತ್ತರದ ಗೋಡೆಗೆ ಗಾರೆಯೋ ಸುಣ್ಣವೋ ಆಗಬೇಕೆಂದರೆ ಜನ ಮೊದಲು ನನ್ನ ಯಜಮಾನರನ್ನು ಕರೆಸಿ ಬಿದಿರಿನ ಸಾರವೆ ಕಟ್ಟಿಸುತ್ತಿದ್ದರು, ಗಾರೆಯವರನ್ನು ಆಮೇಲೆ ಹುಡುಕುತ್ತಿದ್ದರು. ಗುಂಡ್ಲುಪೇಟೆಯಲ್ಲಿ ಪುಟ್ಟಸ್ವಾಮಿ ಎಂದರೆ ಯಾವ ಪುಟ್ಟಸ್ವಾಮಿ ಎಂದು ಯಾರೂ ಕೇಳುತ್ತಿರಲಿಲ್ಲ. ಒಂದೊಂದು ಗಂಟನ್ನೂ ಮೊಣಕಾಲು ಕೊಟ್ಟು ಎಳೆಯುವರು. ಕಟ್ಟಿದ ಮೇಲೆ ಅಡ್ಡ ಬಿದಿರಿಗೆ ತಾವೇ ಜೋತುಬೀಳುವರು, ಹಲಗೆಯ ಮೇಲೆ ನಿಂತು ತುಳಿದು ನೋಡುವರು. ತಾವು ಹತ್ತಿ ಇಳಿಯದೆ ಇನ್ನೊಬ್ಬರನ್ನು ಹತ್ತಿಸಿದವರೇ ಅಲ್ಲ.

“ಕೋತಿ ಹಂಗೆ ಜೋತಾಡ್ತೀರಲ್ಲ” ಎಂದು ನಾನು ನಗಾಡಿದರೆ, “ಮೇಲೆ ಹತ್ತೋನಿಗೂ ಮನೇಲಿ ಒಬ್ಬಳು ಕಾಯ್ತಾ ಇರ್ತಾಳೆ ಕಣಮ್ಮಿ” ಅನ್ನುವರು. ಆ ಮಾತಿಗೇ ನಾನು ಅವರಿಗೆ ಸೋತುಹೋದೆ, ಅಣ್ಣ. ಈಗಲೂ ಸೋತೇ ಇದ್ದೇನೆ.

ನಮ್ಮ ಕಿರಿಯ ತಂಗಿ ಚಿಕ್ಕಿಯನ್ನು ನೋಡಲು ಚಾಮರಾಜನಗರದಿಂದ ಗಂಡಿನವರು ಬರುತ್ತಾರೆಂದು ಅಪ್ಪ ಮಹಡಿಯ ಗೋಡೆಗೆ ಸುಣ್ಣ ಹೊಡೆಸಲು ಹೊರಟರಲ್ಲ — ಆಗ ಅಳಿಯನನ್ನೇ ಕರೆಸಿದರು. ಇವರು ಸಾರವೆ ಕಟ್ಟಿದರು, ನೀನು ಸುಣ್ಣ ಹೊಡೆದೆ. ಸಾರವೆ ಎಟುಕದ ಒಂದು ಮೂಲೆ ಉಳಿಯಿತು. ಅಲ್ಲಿಗೆ ಉದ್ದನೆಯ ಏಣಿ ನಿಲ್ಲಿಸಿದರು. ಏಣಿಯ ತಲೆ ಕಟ್ಟಲು ಮೇಲೆ ಏನೂ ಆಸರೆ ಇರಲಿಲ್ಲ. ಅದಕ್ಕೇ ಬುಡ ಜಾರದ ಹಾಗೆ ಎರಡೂ ಕಾಲಿಗೆ ಒತ್ತಿಸಿ, ಹೊರಮಗ್ಗುಲಲ್ಲಿ ಒಂದೊಂದು ಜಾಲಿ ಗೂಟ ಹೊಡೆದರು. ಹೊಡೆಯುವಾಗ ನಾನು ಪಕ್ಕದಲ್ಲೇ ನೀರಿನ ಚೊಂಬು ಹಿಡಿದು ನಿಂತಿದ್ದೆ. ಅಷ್ಟು ಹೊತ್ತಿಗೆ ಕತ್ತಲಾಗುತ್ತಿತ್ತು, ಆ ಮೂಲೆ ನಾಳೆ ಮುಗಿಸೋಣವೆಂದು ನೀವಿಬ್ಬರೂ ಕೈಕಾಲು ತೊಳೆದಿರಿ.

ಆದರೆ ಗಂಡಿನವರು ಬೆಳಿಗ್ಗೆಯೇ ಬರುತ್ತೇವೆಂದು ಹೇಳಿ ಕಳಿಸಿಬಿಟ್ಟರು.

ನಸುಕಿನಲ್ಲೆದ್ದು ಅಂಗಳ ಸಾರಿಸಲು ಹೋದೆ. ತವರಿನಲ್ಲಿ ರಂಗೋಲಿ ಅಂದರೆ ನಾನು — ನಿನಗೆ ಗೊತ್ತಲ್ಲ ನನ್ನ ಜಂಭ. ಅಂಗಳ ತುಂಬುವಂಥದ್ದೇ ಬಿಡಿಸಬೇಕು, ಗಂಡಿನ ತಾಯಿ ಬಾಯಿ ಬಿಟ್ಟುಕೊಂಡು ನೋಡಬೇಕು. ಆ ಎರಡು ಗೂಟಗಳು ಸರಿಯಾಗಿ ನನ್ನ ರಂಗೋಲಿಯ ಜಾಗದಲ್ಲೇ ತಲೆ ಎತ್ತಿಕೊಂಡು ನಿಂತಿದ್ದವು. ಅಲುಗಿಸಿ ಅಲುಗಿಸಿ ಕಿತ್ತೆ. ಗುಳಿಗಳಿಗೆ ಮಣ್ಣು ತುಂಬಿ ತುಳಿದೆ, ಏಣಿಯ ಕಾಲಿನ ಸುತ್ತಲೂ ಸಗಣಿ ನೀರು ಹಾಕಿ ನುಣ್ಣಗೆ ಸಾರಿಸಿದೆ. ಗೂಟಗಳನ್ನು ಕೊಟ್ಟಿಗೆಯ ಹುಲ್ಲಿನ ಹಿಂದೆ ಇಟ್ಟೆ. ಬಂದವರು ಹೋದ ಮೇಲೆ ಇವರಿಗೆ ಹೇಳಿ ಮತ್ತೆ ಹೊಡೆಸಿದರಾಯಿತು ಅಂದುಕೊಂಡೆ. ಅಷ್ಟೇ, ಅದಕ್ಕಿಂತ ಹೆಚ್ಚು ಯೋಚಿಸಲಿಲ್ಲ.

ಬಂದರು, ಚಿಕ್ಕಿಯನ್ನು ಒಪ್ಪಿದರು. ಹೊರಡುವಾಗ ಗಂಡಿನ ತಾಯಿ ಅಂಗಳದಲ್ಲಿ ನಿಂತು, “ಯಾರವ್ವ ಈ ರಂಗೋಲಿ ಬುಟ್ಟೋಳು? ಈ ಕೈಗೆ ಬಳೆ ತೊಡಿಸ್ಬೇಕು ಕಣವ್ವ” ಎಂದರು. ನಾನು ಉಬ್ಬಿಹೋದೆ. ಇವರು ನೆಂಟರನ್ನು ಬಸ್ಸು ಹತ್ತಿಸಲು ಹೋದರು. ನೀನು ಖುಷಿಯಲ್ಲಿ ಪಂಚೆ ಎತ್ತಿಕಟ್ಟಿ ಸುಣ್ಣದ ಮಡಕೆ ಹಿಡಿದೆ.

“ಭಾವ ಬರ್ಲಿ ಇರಣ್ಣ” ಎಂದೆ. ಇಷ್ಟೇ ಎಂದೆ.

“ಭಾವ ನಿಲ್ಸಿರೋ ಏಣಿ ಕಣಮ್ಮಿ. ಭೂಮಿ ಅಲ್ಲಾಡುದ್ರೂ ಅದು ಅಲ್ಲಾಡಕಿಲ್ಲ!”

ಕೆಳಗೆ ನೋಡಲೂ ಇಲ್ಲ ನೀನು, ಅಷ್ಟು ನಂಬಿಕೆ. ಗೂಟ ಕಿತ್ತಿದ್ದೀನಿ ಎಂಬ ಮಾತು ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ಅಪ್ಪ ಜಗಲಿಯ ಮೇಲೆ ಕೂತಿದ್ದರು. ಗಂಡಸರ ಕೆಲಸಕ್ಕೆ ಯಾಕೆ ಕೈ ಹಾಕಿದೆ ಎಂದು ಬೈಸಿಕೊಳ್ಳಬೇಕಲ್ಲ, ಅದೂ ಈಗ, ಇಷ್ಟು ಹೊಗಳಿಸಿಕೊಂಡ ಮೇಲೆ — ಎಂದು ಹಿಂದೆಗೆದೆ. ನೀನು ಮೇಲಿನ ಮೆಟ್ಟಿಲು ಮುಟ್ಟಿದ್ದೆ. ಏಣಿಯ ಕಾಲು ನನ್ನ ರಂಗೋಲಿಯ ಮೇಲೇ ಜಾರಿತು.

ಇವರು ಓಡಿ ಬಂದಾಗ ನೀನು ಸುಣ್ಣದಲ್ಲಿ ಬಿದ್ದು ನರಳುತ್ತಿದ್ದೆ. ಬೀದಿಯವರೆಲ್ಲ ಸೇರಿದ್ದರು. ಅಪ್ಪ ಇವರ ಎದೆಯ ಬಟ್ಟೆ ಹಿಡಿದು, “ಎಲ್ಲಯ್ಯಾ ಗೂಟ? ಗೂಟ ಹೊಡೀದೆ ನನ್ ಮಗನ್ನ ಸಾಯ್ಸಕ್ ಏಣಿ ನಿಲ್ಸಿದ್ಯಾ?” ಎಂದರು. ಇವರು ನೆಲ ನೋಡಿದರು. ನೆಲ ನುಣ್ಣಗಿತ್ತು. ಗುಳಿಯ ಗುರುತೂ ಇರಲಿಲ್ಲ, ಅಷ್ಟು ಚೆನ್ನಾಗಿ ಸಾರಿಸಿದ್ದೆ ನಾನು, ಪಾಪಿ. “ಹೊಡ್ದಿದ್ನಲ್ಲ ಮಾವ...” ಎಂದು ತೊದಲಿ ನನ್ನ ಕಡೆ ತಿರುಗಿದರು. “ನೀನೂ ಇದ್ಯಲ್ಲ, ಹೇಳು. ನಾ ಹೊಡ್ದೆ ಅಲ್ವಾ?”

“ನಾ ನೋಡ್ಲಿಲ್ಲ” ಎಂದೆ.

ಸಂಜೆ ನಿನ್ನ ಕಾಲಿಗೆ ಶಾಖ ಕೊಡಲು ನೀರು ಕಾಯಿಸಬೇಕಾಗಿತ್ತು. ಆ ಗೂಟಗಳನ್ನೇ ಒಲೆಗೆ ಹಾಕಿದೆ.

ನೀನು ಕುಂಟುತ್ತಲೇ ಚಿಕ್ಕಿಯ ಮದುವೆಯಲ್ಲಿ ಓಡಾಡಿದೆ, ಕುಂಟುತ್ತಲೇ ಹೊಲ ಮಾಡಿದೆ, ಕುಂಟುತ್ತಲೇ ಬಂದು ನನ್ನ ಮಕ್ಕಳಿಗೆ ಬೆಲ್ಲ ಕೊಟ್ಟು ಹೋದೆ. ಭಾವನನ್ನು ಒಂದು ದಿನವೂ ಬೈಯಲಿಲ್ಲ, ನಿನ್ನ ಹೊಟ್ಟೆ ತಣ್ಣಗಿರಲಿ. ಆದರೆ ಹೊಸ ಮನೆ ಕಟ್ಟುವಾಗ ಸಾರವೆಗೆ ಬೇರೆಯವರನ್ನು ಕರೆಸಿದೆ. ನಿನ್ನದು ತಪ್ಪೆನ್ನಲಾರೆ. ಇವರು ಅಂದಿನಿಂದ ನನ್ನ ತವರಿನ ಹೊಸಿಲು ದಾಟಿಲ್ಲ, ಜಗಲಿಯಲ್ಲೇ ನೀರು ಕುಡಿದು ಎದ್ದುಬಿಡುತ್ತಾರೆ. ಕಸುಬನ್ನಂತೂ ಬಿಟ್ಟೇಬಿಟ್ಟರು. ಕರೆಯಲು ಬಂದವರಿಗೆ, “ಬ್ಯಾಡ ಬುಡಿ, ನಂಗೆ ನೆಪ್ಪು ನಿಲ್ಲಕಿಲ್ಲ” ಅನ್ನುವರು. ಹಸು ಕಟ್ಟಿ ಬಂದವರು ಕಟ್ಟಿದೆನೋ ಇಲ್ಲವೋ ಎಂದು ಮತ್ತೆ ಎದ್ದು ಹೋಗುವರು. ಬಾಗಿಲ ಅಗಳಿ ಹಾಕಿ ಮಲಗಿದವರು ಮತ್ತೆ ಮುಟ್ಟಿ ನೋಡುವರು. ನಾನು ನೋಡುತ್ತಾ ಇದ್ದೆ, ಅಣ್ಣ. ಅನ್ನ ಬಡಿಸುತ್ತಾ, ಮಕ್ಕಳನ್ನು ಸಾಕುತ್ತಾ, ಸುಮ್ಮನೆ ನೋಡುತ್ತಾ ಇದ್ದೆ.

ಮೊನ್ನೆ ಮಧ್ಯಾಹ್ನ ಊರ ಅಗಸೆಯ ತನಕ ಹೋದವರು ಬಾಗಿಲು ಎಳೆದುಕೊಂಡೆನೋ ಇಲ್ಲವೋ ಎಂದು ತಿರುಗಿ ಬಂದರು. ಆ ಮುಖ ನೋಡಿ ತಡೆಯಲಾಗಲಿಲ್ಲ. ಕಾಲು ಹಿಡಿದು ಎಲ್ಲವನ್ನೂ ಹೇಳಿಬಿಟ್ಟೆ. ಹೊಡೆಯಲಿ ಎಂದು ಕಾದೆ. ಅವರು ಕೇಳಿದರು:

“ಹಂಗಾದ್ರೆ ನಾ ಗೂಟ ಹೊಡ್ದಿದ್ದೆ?”

“ಹೊಡೆದಿದ್ರಿ.”

“ಎಲ್ಡೂವಾ?”

“ಎಲ್ಡೂ.”

ಆ ಮುದುಕ ಮಗುವಿನ ಹಾಗೆ ಅತ್ತುಬಿಟ್ಟರು. ಆಮೇಲೆ ನನ್ನ ಕಣ್ಣನ್ನು ತಮ್ಮ ಟವಲಿನಿಂದ ಒರೆಸಿ, “ಮಾದೇವಂಗೆ ಹೇಳ್ಬ್ಯಾಡ ಕಣಮ್ಮಿ. ನಿನ್ ಮ್ಯಾಲೆ ಅವನು ಪ್ರಾಣ ಮಡೀಕೊಂಡವ್ನೆ” ಎಂದರು.

ಅವರ ಈ ಒಂದು ಮಾತನ್ನು ನಾನು ಮೀರುತ್ತೇನೆ. ನಾಳೆ ಮೊದಲ ಬಸ್ಸಿಗೆ ಇಬ್ಬರೂ ಬರುತ್ತೇವೆ. ಅಪ್ಪ ಅವರನ್ನು ಅಂದದ್ದು ಬೀದಿಯವರ ಎದುರಿಗೆ; ನಾನೂ ಬೀದಿಯವರನ್ನು ಕರೆದು ನಿಲ್ಲಿಸಿಯೇ ಹೇಳುತ್ತೇನೆ. ಕೇಳಿದ ಮೇಲೆ ನನ್ನನ್ನು ಒಳಗೆ ಕರೆಯದಿದ್ದರೂ ಸರಿ, ಅಣ್ಣ, ನಾನು ಜಗಲಿಯಲ್ಲಿ ಕೂತಿರುತ್ತೇನೆ. ಅವರನ್ನು ಮಾತ್ರ ಕೈಹಿಡಿದು ಒಳಗೆ ಕರೆದುಕೊಂಡು ಹೋಗು.