ದುದ್ದದ ಸಮುದ್ರವೂ ಜಯಪ್ರಕಾಶನ ನಾಲಗೆಯೂ

ದುದ್ದದಲ್ಲಿ ಯಾರ ಮನೆಯಲ್ಲೇ ಬಾಡೂಟವಾಗಲಿ, ಮೊದಲ ಸೌಟು ಸಾರು ಆಲೆಮನೆ ಜಯಪ್ರಕಾಶನಿಗೆ ಸಲ್ಲಬೇಕು. ಅಡುಗೆ ಕರಿಯಯ್ಯ ಸೌಟು ಹಿಡಿದು ಬರಬೇಕು, ಇವನು ಅಂಗೈ ಚಾಚಬೇಕು, ನೆಕ್ಕಿ, ಕಣ್ಣು ಮುಚ್ಚಿ, "ಊಂ, ಬಡ್ಸು" ಅನ್ನಬೇಕು. ಎಲೆ ಹಾಕುವುದು ಆಮೇಲೆ. ಬೆಲ್ಲದ ವಿಷಯವಂತೂ ಕೇಳಲೇಬೇಡಿ. ಕೊಪ್ಪರಿಗೆಯಲ್ಲಿ ಕುದಿಯುವ ಪಾಕವನ್ನು ಎರಡು ಬೆರಳಲ್ಲಿ ಉಜ್ಜಿ, ತುದಿನಾಲಗೆಗೆ ಮುಟ್ಟಿಸಿ "ಇಳ್ಸಿ" ಅಂದನೆಂದರೆ ಅಚ್ಚು ಗಟ್ಟಿಯಾಯಿತು ಅಂತಲೇ ಲೆಕ್ಕ. ಮನುಷ್ಯ ಬದುಕಿದ್ದೇ ಆ ನಾಲಗೆಯ ಮರ್ಯಾದೆಯ ಮೇಲೆ.

ಇಂಥವನ ಹೊಟ್ಟೆಗೆ ಕಿಚ್ಚು ಹಚ್ಚಿದ್ದು ಒಂದು ಟಗರು. ಹೆಂಡತಿ ಅಮೃತಳ ತಂಗಿಯನ್ನು ಕಟ್ಟಿಕೊಂಡ ಷಡ್ಡಕ ಸಿದ್ದೇಶ ಬಂಡೂರಿನವನು, ಕುರಿ ಸಾಕುವವನು. ಅವನ ಟಗರಿಗೆ ಯಾವುದೋ ಸ್ಪರ್ಧೆಯಲ್ಲಿ ಬಹುಮಾನ ಬಂದು, ಹಾರ ಹಾಕಿಕೊಂಡ ಅದರ ಫೋಟೋ ಪೇಪರಿನಲ್ಲೂ ಬಂತು. ಜಯಪ್ರಕಾಶನ ಮಗಳು ಸೌಮ್ಯಳ ನಿಶ್ಚಿತಾರ್ಥಕ್ಕೆ ಮದ್ದೂರಿನಿಂದ ಬಂದ ಬೀಗರು ಹೆಣ್ಣಿನ ಅಪ್ಪನನ್ನು ಬಿಟ್ಟು ಸಿದ್ದೇಶನ ಸುತ್ತ ಕೂತು, ಟಗರು ಏನು ಮೇಯುತ್ತದೆ, ಎಲ್ಲಿ ಮಲಗುತ್ತದೆ ಅಂತ ವಿಚಾರಿಸಿದರು. ಜಯಪ್ರಕಾಶನಿಗೆ ಮೈಯೆಲ್ಲ ಉರಿದುಹೋಯಿತು.

"ಬೀಗರೂಟದ ದಿನ ಅವ್ರು ನಮ್ಮನೆ ಅಜಾರದಲ್ಲಿ ಬಾಯಿ ಬುಟ್ಕಂಡು ನಿಂತ್ಕಬೇಕು, ನೋಡ್ತಿರು," ಅಂದ ಅಮೃತಳಿಗೆ. "ನಾನು ಸಮುದ್ರ ತತ್ತೀನಿ."

ಮೈಸೂರಿನ ಒಂದು ಹೋಟೆಲಿನಲ್ಲಿ ಅವನು ಗಾಜಿನ ತೊಟ್ಟಿಯೊಳಗೆ ಉಪ್ಪುನೀರು, ಹವಳ, ಬಣ್ಣದ ಮೀನು ಕಂಡು ಬಂದಿದ್ದ. ಸರಿ, ಆ ಊರಿನ ಅಂಗಡಿಯವನೊಬ್ಬ ತೊಟ್ಟಿ ತಂದ, ಅಲೆ ಎಬ್ಬಿಸುವ ಪಂಪು ತಂದ, ನೀಲಿ ದೀಪ ತಂದ, ನೀರು ತಣ್ಣಗಿಡುವ ಯಂತ್ರ ತಂದ, ಕೊನೆಗೆ ಒಂದು ಪೆಟ್ಟಿಗೆ ತುಂಬ ಕಲ್ಲು ತಂದ. ಹೊಲದ ಕಲ್ಲು ಆರಿಸಿ ಆರಿಸಿ ಸೊಂಟ ಬಿದ್ದುಹೋದ ಊರಿಗೆ ಕಾಸು ಕೊಟ್ಟು ಕಲ್ಲು ತರಿಸಿದ ಮೊದಲ ಗಂಡಸು ನಮ್ಮ ಜಯಪ್ರಕಾಶ! "ಇದು ಜೀವ ಇರೋ ಕಲ್ಲು ಸಾರ್, ನೀರು ಹದಕ್ಕೆ ಬರೋವರೆಗೂ ಮೀನು ಬಿಡೋ ಹಾಗಿಲ್ಲ," ಅಂದ ಅಂಗಡಿಯವನು. ವಾರಗಟ್ಟಲೆ ಊರವರು ಬಂದು ನೀರೊಳಗಿನ ಕಲ್ಲು ನೋಡಿ, ಕಾಫಿ ಕುಡಿದು, ಆಚೆ ಹೋಗಿ ನಕ್ಕರು.

ಹೋಗುವಾಗ ಅಂಗಡಿಯವನು ಒಂದು ಸಣ್ಣ ಕೊಳವೆ ಕೊಟ್ಟ. ಒಂದು ಹನಿ ನೀರು ಹಾಕಿ ಒಂದು ಕಣ್ಣಲ್ಲಿ ನೋಡಿದರೆ ಉಪ್ಪು ಎಷ್ಟಿದೆ ಅಂತ ಗೆರೆ ತೋರಿಸುತ್ತದೆ. "ದಿನಾ ನೋಡಿ ಸಾರ್. ನೀರು ಆರಿ ಕಮ್ಮಿಯಾದ್ರೆ ಬರೀ ನೀರು ಹಾಕಿ. ಉಪ್ಪು ಆರಲ್ಲ, ಅಲ್ಲೇ ಇರ್ತದೆ."

ಜಯಪ್ರಕಾಶನಿಗೆ ನಗು ತಡೆಯಲಾಗಲಿಲ್ಲ. "ಪಾಕ ನೋಡೋ ನಾಲ್ಗೆ ಕಣಪ್ಪ ಇದು. ನಂಗೆ ಕೊಳವೆ ಕೊಡ್ತೀಯಲ್ಲ!" ಕೊಳವೆ ಷೋಕೇಸು ಸೇರಿತು. ಅಂಗಡಿಯವನು ಕಲಸಿಟ್ಟ ನೀರನ್ನು ಒಮ್ಮೆ ನೆಕ್ಕಿ, ಈ ರುಚಿ ಇನ್ನು ಸಾಯುವವರೆಗೆ ಮರೆಯುವುದಿಲ್ಲ ಅಂದುಕೊಂಡ ಮಹಾನುಭಾವ.

ಮೀನು ಬಂತು. ಕಿತ್ತಲೆ ಬಣ್ಣಕ್ಕೆ ಬಿಳಿ ಪಟ್ಟೆ ಬಳಿದ ಜೋಡಿ, ಜೊತೆಗೆ ಬೆರಳು ಬೆರಳಾಗಿ ಅಲ್ಲಾಡುವ ಹವಳ. ಈಗ ಊರಿಗೆ ಊರೇ ಬಂತು. "ಇದು ಅವಳಾನಾ? ಉಂಗುರಕ್ಕೆ ಆಯ್ತದಾ?" ಅಂದಳೊಬ್ಬಳು. "ಸಾರಿಗೆ ಆಯ್ತದಾ?" ಅಂದರು ಉಳಿದವರೆಲ್ಲ. ಜಯಪ್ರಕಾಶ ಯಾರಿಗೂ ಉತ್ತರ ಕೊಡದೆ ತೊಟ್ಟಿಗೆ ಬೆರಳದ್ದಿ, ನೆಕ್ಕಿ, ಕಣ್ಣು ಮುಚ್ಚಿ ತಲೆದೂಗುತ್ತಿದ್ದ. ಅವನ ಭಾಗಕ್ಕೆ ಅದೇ ಪೂಜೆ.

ಬೆಳಿಗ್ಗೆ ನೆಕ್ಕಿದ, ಸಂಜೆ ನೆಕ್ಕಿದ, ಬಂದವರ ಮುಂದೆಲ್ಲ ನೆಕ್ಕಿದ. ಮಂಡ್ಯದ ಸೆಕೆಗೆ ನೀರು ಇಳಿಯಿತು. ಸಮುದ್ರಕ್ಕೆ ಸಪ್ಪೆ ನೀರು ಹಾಕುವುದುಂಟೇ ಅಂತ ಇವನು ಉಪ್ಪುನೀರನ್ನೇ ಹಾಕಿದ. ನೆಕ್ಕಿ ನೆಕ್ಕಿ ನಾಲಗೆಗೆ ಉಪ್ಪು ಒಗ್ಗಿಹೋಗಿ, ಎಷ್ಟು ಹಾಕಿದರೂ ಅವನಿಗೆ ಸಪ್ಪೆಯೇ. ಹಾಗಂತ ಇನ್ನೊಂದು ಹಿಡಿ ಹಾಕಿದ. ಮನೆಯಲ್ಲಿ ಮುದ್ದೆ ಮುರಿದ ಕೂಡಲೇ ಉಪ್ಪಿನ ಡಬ್ಬಿಗೆ ಕೈ ಚಾಚತೊಡಗಿದ.

"ಇದ್ಯಾಕ್ರೀ, ಈಚೀಚ್ಗೆ ಎಲ್ಲಾದುಕ್ಕೂ ಉಪ್ಪು ಬೇಕು ಅಂತೀರಿ?" ಅಂದಳು ಅಮೃತ. "ನಿಮ್ ನಾಲ್ಗೆ ಕೆಟ್ಟದೆ. ಆ ಕೊಳವೇಲಾರ ಒಂದ್ಸಲ ನೋಡ್ಬಾರ್ದಾ?"

"ಕೆಟ್ಟಿರೋದು ನಿನ್ ಸಾರು ಕಣೇ," ಅಂದ.

ಮದುವೆ ಚೆನ್ನಾಗಿಯೇ ಆಯಿತು. ಬೀಗರೂಟದ ದಿನ ಬೆಳಿಗ್ಗೆ ನೋಡಿದರೆ ಹವಳ ಮುದುರಿಕೊಂಡು ಬಿಳಿಚಿದೆ, ಮೀನುಗಳು ಕಲ್ಲಿನ ಹಿಂದೆ ಏದುಸಿರು ಬಿಡುತ್ತಿವೆ. ಜಯಪ್ರಕಾಶ ಬೆರಳದ್ದಿ ನೆಕ್ಕಿದ. ಸಪ್ಪೆ! ಪಾಪದವು ಉಪ್ಪಿಲ್ಲದೆ ಸೊರಗಿವೆ ಅಂತ ಇನ್ನಷ್ಟು ಉಪ್ಪು ಸುರಿದು ಹಿತ್ತಲಿಗೆ ಬಂದ. ಅಲ್ಲಿ ಸಿದ್ದೇಶ ಕಳಿಸಿದ್ದ ಬಂಡೂರು ಮರಿಗಳ ಸಾರು ಕೊತಕೊತ ಕುದಿಯುತ್ತಿತ್ತು. ಕರಿಯಯ್ಯ ಪದ್ಧತಿಯಂತೆ ಸೌಟು ತಂದ. ಜಯಪ್ರಕಾಶ ಅಂಗೈ ಚಾಚಿ, ನೆಕ್ಕಿ, ಮುಖ ಹಿಂಡಿದ.

"ಏನ್ಲಾ ಕರಿಯಯ್ಯ, ಉಪ್ಪೇ ಇಲ್ವಲ್ಲೋ!"

"ನಂಗೆ ಸರೀಗದೆ ಅನ್ನುಸ್ತದೆ ಜಯಣ್ಣ."

"ನಿನ್ ನಾಲ್ಗೇನೂ ನನ್ ನಾಲ್ಗೇನೂ ಒಂದೇ ಏನ್ಲಾ? ಆಕು ಅಂದ್ರೆ ಆಕು."

ಕರಿಯಯ್ಯ ಹಾಕಿದ. ಇವನು ಮತ್ತೆ ನೆಕ್ಕಿ, "ಇನ್ನೂ ಸ್ವಲ್ಪ," ಅಂದ. ಊರಿನ ನಾಲಗೆ ಹೇಳಿದ ಮೇಲೆ ಬಡಪಾಯಿ ಏನು ಮಾಡಿಯಾನು? ಹಾಕಿದ.

ಬೀಗರು ಬಂದರು. ನೀಲಿ ದೀಪದ ಕೆಳಗೆ ಬಿಳಿಚಿದ ಹವಳ ನೋಡಿ, ಬೀಗರ ಹಿರಿಯ ನಿಂಗಯ್ಯ ಮರ್ಯಾದೆಗೆ "ಚೆನ್ನಾಗದೆ," ಅಂದು ಎಲೆ ಮುಂದೆ ಕೂತ. ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ನುಂಗಿದ. ಲೋಟ ಎತ್ತಿ ಗಟಗಟನೆ ನೀರು ಕುಡಿದ. ಪಕ್ಕದವನು ಕುಡಿದ, ಎದುರು ಸಾಲು ಪೂರ್ತಿ ಕುಡಿಯಿತು. ಅಂಥ ಬಂಡೂರು ಮಾಂಸ ಎಲೆಯಲ್ಲೇ ಉಳಿಯಿತು. "ನೀರು, ನೀರು" ಅನ್ನುವ ಕೂಗು ಬಿಟ್ಟರೆ ಚಪ್ಪರದಲ್ಲಿ ಬೇರೆ ಸದ್ದಿಲ್ಲ.

ಸಿದ್ದೇಶ ಒಂದು ತುತ್ತು ನುಂಗಿ ಕೈ ಕೊಡವಿಕೊಂಡು ಎದ್ದ. "ಜಯಣ್ಣ, ಆ ಮೀನ್ನ ತಂದು ಇದ್ರೊಳಕ್ಕೆ ಬುಟ್ಬುಡು. ಸಮುದ್ರ ಅಂದ್ರೆ ಇದು ಕಣಣ್ಣ!"

ಚಪ್ಪರವೆಲ್ಲ ನಕ್ಕಿತು. ಸೌಮ್ಯ ಒಬ್ಬಳು ಅತ್ತೆಯ ಪಕ್ಕ ತಲೆ ತಗ್ಗಿಸಿ ಕೂತಿದ್ದಳು. ಜಯಪ್ರಕಾಶನಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು, ಆದರೂ ಬಾಯಿಂದ ಬಂದದ್ದು ಮಾತ್ರ, "ಆ ಕರಿಯಯ್ಯಂಗೆ ಏಳ್ದಷ್ಟು ಕೇಳಕ್ಕಾಗಲ್ಲ."

ಸಂಜೆ ಅಮೃತ ಷೋಕೇಸಿನ ಕೊಳವೆ ತೆಗೆದು, ಒಂದು ಕಣ್ಣು ಮುಚ್ಚಿ ನೋಡಿ, ಅಂಗಡಿಯವನಿಗೆ ಫೋನು ಮಾಡಿದಳು. ಅವನು ಹೇಳಿದಂತೆ ದಿನವೂ ಸ್ವಲ್ಪ ಸ್ವಲ್ಪ ಬರೀ ನೀರು ಬೆರೆಸಿದಳು. ಹವಳ ಉಳಿಯಲಿಲ್ಲ, ಮೀನು ಉಳಿದವು. ಜಯಪ್ರಕಾಶ ತೊಟ್ಟಿಯ ಕಡೆ ತಲೆ ಹಾಕುವುದನ್ನೇ ಬಿಟ್ಟ.

ಮುಂದಿನ ತಿಂಗಳು ಪಕ್ಕದ ಬೀದಿಯಲ್ಲಿ ನಾಮಕರಣದ ಬಾಡೂಟ. ಜಯಪ್ರಕಾಶ ಹಿತ್ತಲಲ್ಲಿ ಕುರ್ಚಿ ಎಳೆದುಕೊಂಡು ಕೂತ. ಕರಿಯಯ್ಯ ಸೌಟು ಎತ್ತಿದ. ಇವನು ಅಂಗೈ ಚಾಚಿ ಕಣ್ಣು ಮುಚ್ಚಿದ. ಕಣ್ಣು ಮುಚ್ಚುವುದು ಅವನಿಗೆ ಮೊದಲಿನಿಂದಲೂ ಅಭ್ಯಾಸ ತಾನೇ! ಎಷ್ಟು ಹೊತ್ತಾದರೂ ಅಂಗೈಗೆ ಏನೂ ಬೀಳಲಿಲ್ಲ. ತೆರೆದು ನೋಡಿದರೆ ಕರಿಯಯ್ಯ ಅವನನ್ನು ದಾಟಿಕೊಂಡು ಹೋಗಿ, ಈರುಳ್ಳಿ ಹೆಚ್ಚುತ್ತ ಕೂತ ಅಮೃತಳ ಮುಂದೆ ಬಗ್ಗಿ ನಿಂತಿದ್ದ.

"ನೀನೊಸಿ ನೋಡವ್ವ," ಅಂದ.

ಅವಳು ನೋಡಿದಳು. "ಸರೀಗದೆ ಕಣಪ್ಪ. ಬಡ್ಸು."

ಎಲೆ ಹಾಕಿದರು. ಜಯಪ್ರಕಾಶ ಚಾಚಿದ ಕೈಯನ್ನು ಪಂಚೆಗೆ ಒರೆಸಿಕೊಂಡು, ಎದ್ದು ಹೋಗಿ ಪಂಕ್ತಿಯ ಕೊನೆಯಲ್ಲಿ ಕೂತ.